ಹದಿನೇಳರ ಮಗ್ಗಿ ಮತ್ತು ಆರನೇ ಲೈನು

ಮೊನ್ನೆ ಮಧ್ಯಾಹ್ನ ತುಪ್ಪದನ್ನದ ಪಾತ್ರೆಯನ್ನು ಊಟದ ಮೇಜಿಗೆ ತಂದಾಗ ಹನಾ ನನ್ನನ್ನು ತಡೆದಳು. ಪಾತ್ರೆಯ ಅಡಿಗೆ ಇಡುವ ಅಲ್ಯೂಮಿನಿಯಂ ಚಕ್ರವನ್ನು ಎತ್ತಿ ಹಿಡಿದು, ನಡುವಿನ ತೂತಿನಿಂದ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಾ, "ಅಜ್ಜಿ, ಇದು ಎಂತದ್ದು? ಜಿದ್ದಾದ ಯಾವ ಅಂಗಡಿಯಲ್ಲೂ ಇಂಥದ್ದು ನೋಡಿಲ್ಲ" ಎಂದಳು. ಪಾತ್ರೆ ಬಿಸಿಯಿತ್ತು, ನನ್ನ ಕೈ ಸುಡುತ್ತಿತ್ತು. "ಮೊದಲು ಅದನ್ನು ಕೆಳಗಿಡು ಮಾರಾಯ್ತಿ, ಆಮೇಲೆ ಹೇಳ್ತೇನೆ" ಎಂದೆ.

ನನ್ನ 'ಆಮೇಲೆ'ಯ ಬೆಲೆ ನಿಮಗೆ ಗೊತ್ತುಂಟು, ಮಕ್ಕಳೇ. ಮನೆ ತುಂಬ ಜನ ಇರುವಾಗ ನನ್ನ ಬಾಯಿಗೆ ಮಾತು ಬರುವುದಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಅದೇ ಮಾತು ಸಾಲುಸಾಲಾಗಿ ಬರುತ್ತದೆ, ಆದರೆ ಕೇಳುವವರು ಇರುವುದಿಲ್ಲ. ಫೋನಿನ ನಮ್ಮ ಕುಟುಂಬದ ಗುಂಪಿನಲ್ಲಿ ನೀವೆಲ್ಲ ನಿಮ್ಮ ಸ್ವರ ಕಳಿಸುತ್ತೀರಿ, ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೇನೆ. "ಅಜ್ಜಿ, ಒಮ್ಮೆಯಾದರೂ ವಾಯ್ಸ್ ಹಾಕಿ" ಎಂದು ಎಷ್ಟು ಸಲ ಕೇಳಿದ್ದೀರಿ! ನೀವು ಜಿದ್ದಾಕ್ಕೆ ವಾಪಸು ಹೋದ ಮೇಲೆ ಮನೆ ತಣ್ಣಗಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ. ಕನ್ನಡ ಓದಲು ಕಷ್ಟವಾದರೆ ನಿಮ್ಮ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಅವಳೂ ಈ ಕತೆಯಲ್ಲಿ ಇದ್ದಾಳೆ, ಆದರೆ ಹೆಚ್ಚಿನ ಹೊತ್ತು ನಿದ್ದೆಯಲ್ಲಿ.

ಅವಳಿಗೆ ಆಗ ಮೂರು ವರ್ಷ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಅರಬರ ನಾಡಿನ ಖೋಬರಿನಲ್ಲಿ ಎರಡನೇ ಮಾಳಿಗೆಯ ಒಂದು ಸಣ್ಣ ಮನೆಯಲ್ಲಿದ್ದೆವು. ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ನಿಮ್ಮ ಅಜ್ಜ ಪತ್ರದಲ್ಲಿ ಬರೆದಿದ್ದರು. ಕಾಣುತ್ತಿದ್ದದ್ದು ಹೌದು, ಸ್ಟೂಲಿನ ಮೇಲೆ ಹತ್ತಿ, ಎದುರಿನ ಕಟ್ಟಡದ ನೀರಿನ ಟಾಂಕಿಯ ಬಲಗಡೆಗೆ ಕುತ್ತಿಗೆ ಚಾಚಿದರೆ ಒಂದು ಗೇಣು. ನಾನು ದೂರಲಿಲ್ಲ. ಮದುವೆಯಾಗಿ ಏಳು ವರ್ಷವಾಗಿತ್ತು, ಅದರಲ್ಲಿ ನಾವು ಒಟ್ಟಿಗೆ ಇದ್ದದ್ದು ಅವರ ರಜೆಯ ದಿನಗಳು ಮತ್ತು ಖೋಬರಿನ ಈ ಎಂಟು ತಿಂಗಳು. ಗೇಣು ಸಮುದ್ರ ಧಾರಾಳವಾಯಿತು.

ಆ ಮನೆಯಲ್ಲಿ ಒಂದು ಟೆಲಿಫೋನ್ ಇತ್ತು. ಅಜ್ಜನನ್ನು ಯಾವ ಹೊತ್ತಿಗೂ ಕೆಲಸಕ್ಕೆ ಕರೆಯಬಹುದೆಂದು ಕಂಪನಿಯವರು ಕೊಟ್ಟದ್ದು. ನನಗೆ ಅದನ್ನು ಕಂಡರೆ ಭಯ. ಗಂಟೆ ಹೊಡೆದರೆ ಮಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಕೊನೆಗೆ ಅಜ್ಜ ಒಂದು ಉಪಾಯ ಮಾಡಿದರು. "ನೀನು ಎತ್ತಿದರೆ ಸಾಕು, ಮಾತಾಡುವುದು ಬೇಡ. ಹೌದು ಅಂತಾದರೆ ಉಂಗುರದಿಂದ ಒಮ್ಮೆ ತಟ್ಟು, ಅಲ್ಲ ಅಂತಾದರೆ ಎರಡು ಸಲ." ಹಾಗೇ ನಡೆಯಿತು. ಆ ಕಡೆಯಿಂದ ಅವರು, "ಮಗು ಉಂಡಿತಾ?" ಟಕ್. "ಮೀನು ತರಲಾ?" ಟಕ್. "ನನ್ನ ಮೇಲೆ ಸಿಟ್ಟುಂಟಾ?" ಟಕ್ ಟಕ್. ಕ್ರಮೇಣ ಇದು ಮನೆಯೊಳಗೂ ಬಂತು. ಬಾಯಲ್ಲಿ ಹೇಳಲಾಗದ್ದನ್ನು ಬಟ್ಟಲಿನ ಮೇಲೆ ತಟ್ಟುತ್ತಿದ್ದೆ. ನಮ್ಮ ಮನೆಮಾತು ಬ್ಯಾರಿ ಭಾಷೆ. ಅದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಟಕ್ ಯಾವ ಭಾಷೆಯಲ್ಲೂ ಟಕ್ಕೇ.

ಅಜ್ಜನ ಕೆಲಸ ಏನೆಂದು ಊರಿನಲ್ಲಿ ಕೇಳಿದರೆ ನಾನು "ಟೇಪಿನ ಕೆಲಸ" ಎನ್ನುತ್ತಿದ್ದೆ. ಜನ ಅವರು ಕ್ಯಾಸೆಟ್ ಮಾರುತ್ತಾರೆಂದು ತಿಳಿದಿದ್ದರು. ನಿಜ ಏನೆಂದರೆ, ಆ ನಗರದಲ್ಲಿ ಬೆಂಕಿ ಬಿದ್ದರೆ, ಅಪಘಾತವಾದರೆ ಜನ ಫೋನ್ ಮಾಡುವ ಒಂದು ಕೋಣೆ ಇತ್ತು. ಅಲ್ಲಿಗೆ ಬರುವ ಪ್ರತಿ ಕರೆ, ಅಲ್ಲಿಂದ ಆಂಬುಲೆನ್ಸಿಗೆ, ಪೊಲೀಸ್ ಗಾಡಿಗೆ ರೇಡಿಯೋದಲ್ಲಿ ಹೋಗುವ ಪ್ರತಿ ಮಾತು ಟೇಪಿನಲ್ಲಿ ದಾಖಲಾಗಬೇಕು. ಅದಕ್ಕೆ ಎರಡು ಯಂತ್ರಗಳು, ಒಂದೊಂದೂ ನಮ್ಮ ಕಪಾಟಿನಷ್ಟು ಎತ್ತರ. ಅದರೊಳಗೆ ರೊಟ್ಟಿಯ ಕಾವಲಿಯಷ್ಟು ದೊಡ್ಡ ಚಕ್ರಗಳು ಹಗಲಿರುಳು ನಿಧಾನವಾಗಿ ತಿರುಗುತ್ತಿದ್ದವು. ಚಕ್ರ ಬದಲಿಸುವುದು, ಎಣ್ಣೆ ಹಾಕುವುದು, ತಂತಿ ಜೋಡಿಸುವುದು ಅಜ್ಜನ ಕೆಲಸ.

"ಕೇಳುವವನು ಒಬ್ಬ ಅಲ್ಲಿ ಕೂತಿದ್ದಾನಲ್ಲ? ಮತ್ತೆ ಟೇಪ್ ಯಾಕೆ?" ಎಂದು ನಾನು ಒಮ್ಮೆ ಕೇಳಿದ್ದೆ.

"ಕೂತವನಿಗೆ ಅರಬಿ ಬರ್ತದೆ, ಸ್ವಲ್ಪ ಇಂಗ್ಲಿಷ್ ಬರ್ತದೆ. ಫೋನ್ ಮಾಡುವವ ಮಲಬಾರಿನವನು, ಫಿಲಿಪ್ಪೀನಿನವನು, ನಮ್ಮ ಪುತ್ತೂರಿನವನು. ಬೆಂಕಿ ಬಿದ್ದವನಿಗೆ ತಾಯಿಯ ಭಾಷೆ ಬಿಟ್ಟು ಬೇರೆ ಯಾವುದು ಬಾಯಿಗೆ ಬರ್ತದೆ? ಆಗ ಟೇಪ್ ಹಿಂದೆ ತಿರುಗಿಸಿ, ಗೊತ್ತಿರುವವನನ್ನು ಕರೆದು ಕೇಳಿಸುವುದು."

ಹಾಗೆ ನಾಲ್ಕೈದು ಸಲ ಅವರನ್ನೇ ಕರೆದು ಕೇಳಿಸಿದ್ದರಂತೆ. ಒಮ್ಮೆ ತುಳುವಿನಲ್ಲಿ ಒಬ್ಬ ಅಳುತ್ತಾ ಹೇಳಿದ ದಾರಿಯನ್ನು ಅಜ್ಜ ಅರಬಿಗೆ ಬಿಡಿಸಿ ಹೇಳಿದ್ದರು, ಆಂಬುಲೆನ್ಸ್ ಹೋಗಿ ಮುಟ್ಟಿತ್ತು. ಆ ದಿನ ಅವರು ಮನೆಗೆ ಬಂದು ಮೂರು ಗ್ಲಾಸು ಚಹಾ ಕುಡಿದರು. ಅವರಿಗೆ ಆ ಕೆಲಸದ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಗೊತ್ತಾದದ್ದು ಆ ಮೂರು ಗ್ಲಾಸಿನಲ್ಲಿ.

ಆ ಕಪಾಟು ಯಂತ್ರಗಳಿಗೆ ವಯಸ್ಸಾಗಿತ್ತು. ಬಿಡಿಭಾಗ ಸಿಗುತ್ತಿರಲಿಲ್ಲ. ಸರಕಾರದವರು ಹೊಸ ಯಂತ್ರ ತರಿಸಿದರು. ಚಿಕ್ಕದು, ಚಕ್ರವಿಲ್ಲದ್ದು, ಒಳಗೆ ಕ್ಯಾಸೆಟ್ ನುಂಗಿ ಸುಮ್ಮನೆ ಕೂರುವಂಥದ್ದು. ಜೋಡಿಸುವ ಕೆಲಸದ ಮುಖ್ಯಸ್ಥರು ಇಜಿಪ್ತಿನ ಒಬ್ಬ ಇಂಜಿನಿಯರ್, ಸಾಮಿ ಎಂದು ಹೆಸರು. ಅರಬಿಯಲ್ಲಿ ಎಲ್ಲರೂ ಅವರನ್ನು ಮುಹಂದಿಸ್ ಎಂದು ಕರೆಯುತ್ತಿದ್ದರು, ಅಂದರೆ ಇಂಜಿನಿಯರ್ ಅಂತಲೇ. ಹೊಸದನ್ನು ಪೂರ್ತಿ ನಂಬುವ ತನಕ ಹಳೆಯದನ್ನು ನಿಲ್ಲಿಸುವ ಹಾಗಿರಲಿಲ್ಲ. ಮುಂದಿನ ಶನಿವಾರ ಆಫೀಸರ್‌ಗಳು ಬಂದು ನೋಡಿ ಸಹಿ ಹಾಕಬೇಕು. ಅದಕ್ಕೆ ಮೊದಲು ಬುಧವಾರ ಒಂದು ಪರೀಕ್ಷೆ. ಹೊಸ ಯಂತ್ರಕ್ಕೆ ಮಾತ್ರ ಎಂಟು ಲೈನು ಜೋಡಿಸುವುದು, ಎಂಟು ಜನ ಎಂಟು ಮನೆಗಳಿಂದ ಒಂದೇ ಹೊತ್ತಿಗೆ ಫೋನ್ ಮಾಡಿ ಹತ್ತು ನಿಮಿಷ ನಿಲ್ಲಿಸದೆ ಮಾತಾಡುವುದು. ಎಲ್ಲಿಯಾದರೂ ಮಾತು ಕಳೆದುಹೋಗುತ್ತದೋ ಎಂದು ಆಮೇಲೆ ಕೇಳಿ ನೋಡುವುದು.

ಏಳು ಜನ ಸಿಕ್ಕಿದ್ದರು. ನಾಲ್ಕನೆಯ ಲೈನಿಗೆ ನಮ್ಮ ಪಕ್ಕದ ಮನೆಯ ಮೈಮೂನಾ ಆಪಾ ತಾವಾಗಿಯೇ ನಿಂತರು. ಭಟ್ಕಳದವರು, ಗಂಡನಿಗೆ ಬಟ್ಟೆ ಅಂಗಡಿ, ಬಾಯಿ ತೆರೆದರೆ ಸಂಜೆಯ ಅಸರ್ ನಮಾಜಿನ ಬಾಂಗಿಗೆ ಮಾತ್ರ ಮುಚ್ಚುವವರು. ಆರನೆಯ ಲೈನಿಗೆ ಜನ ಇರಲಿಲ್ಲ.

"ನೀನು ಮಾಡು" ಎಂದರು ಅಜ್ಜ.

ನಾನು ಬಟ್ಟಲಿನ ಮೇಲೆ ಎರಡು ಸಲ ತಟ್ಟಿದೆ.

"ಆ ಕಡೆ ಮನುಷ್ಯರೇ ಇಲ್ಲ. ಬರೀ ಯಂತ್ರ. ಯಂತ್ರದ ಹತ್ತಿರ ಎಂತ ನಾಚಿಕೆ?"

"ಹತ್ತು ನಿಮಿಷ ನಾನು ಎಂತ ಹೇಳುವುದು? ನನ್ನ ಹತ್ತಿರ ಅಷ್ಟು ಮಾತೇ ಇಲ್ಲ."

ಅಜ್ಜ ಆಲೋಚಿಸಿದರು. ಮಾತಿಗಿಂತ ಲೆಕ್ಕದ ಸಂಖ್ಯೆ ಒಳ್ಳೆಯದು, ನಡುವೆ ಒಂದು ಬಿಟ್ಟುಹೋದರೂ ಗೊತ್ತಾಗುತ್ತದೆ ಎಂದು ಮುಹಂದಿಸ್ ಹೇಳಿದ್ದರಂತೆ. ಕೂಡಲೇ ನನ್ನ ಬಾಯಿಂದ ಒಂದು ಮಾತು ಜಾರಿತು. "ಮಗ್ಗಿ ಹೇಳಲಾ? ಇಪ್ಪತ್ತರ ತನಕ ಬರ್ತದೆ. ಶಾಲೆಯಲ್ಲಿ ನನಗೆ ಮಗ್ಗಿಗೆ ಸ್ಲೇಟು ಬಹುಮಾನ ಸಿಕ್ಕಿದೆ."

ಸ್ಲೇಟು ಸಿಕ್ಕಿದ್ದು ಸುಳ್ಳಲ್ಲ. ಹೇಗೆ ಸಿಕ್ಕಿತೆಂದು ಹೇಳಲಿಲ್ಲ, ಅಷ್ಟೇ. ನಮ್ಮ ಹಳ್ಳಿಯ ಶಾಲೆಯಲ್ಲಿ ಸಂಜೆ ಬಾಗಿಲು ಹಾಕುವ ಮೊದಲು ಇಡೀ ಶಾಲೆ ಸಾಲಾಗಿ ನಿಂತು ಒಟ್ಟಿಗೆ ಮಗ್ಗಿ ಹೇಳಬೇಕು. ಮಾಸ್ಟ್ರು ಬೆತ್ತವನ್ನು ಹಿಂದೆ ಹಿಡಿದು ಸಾಲಿನ ನಡುವೆ ನಡೆಯುವರು. ಹದಿನಾರರ ತನಕ ನನ್ನ ಸ್ವರ ಎಲ್ಲರಿಗಿಂತ ಮೇಲೆ. ಹದಿನೇಳು ಬಂದರೆ ತುಟಿ ಮಾತ್ರ ಆಡಿಸುತ್ತಿದ್ದೆ. ಹದಿನೇಳು ನನಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹದಿನೆಂಟಕ್ಕೆ ಮತ್ತೆ ಸ್ವರ ಏರಿಸುವೆ. ನಲುವತ್ತು ಮಕ್ಕಳ ಗದ್ದಲದಲ್ಲಿ ಒಂದು ಹುಡುಗಿಯ ಸ್ವರ ಬಿದ್ದದ್ದು ಯಾರಿಗೆ ಕೇಳುತ್ತದೆ? ಮಾಸ್ಟ್ರು ನನ್ನ ಮುಂದೆ ಬಂದಾಗಲೆಲ್ಲ ತುಟಿ ಆಡುತ್ತಿತ್ತು. ವರ್ಷದ ಕೊನೆಗೆ ಸ್ಲೇಟು ಕೊಟ್ಟರು.

ಎರಡು ದಿನದ ಮೇಲೆ ಅಜ್ಜ ಬಂದು, "ಮುಹಂದಿಸಿನ ಹತ್ತಿರ ಹೇಳಿದ್ದೇನೆ, ನನ್ನ ಹೆಂಡತಿ ಕಲಿತವಳು, ಬಹುಮಾನ ಸಿಕ್ಕಿದವಳು, ಅವಳ ಲೈನಿನಲ್ಲಿ ಒಂದು ತಪ್ಪೂ ಬರುವುದಿಲ್ಲ" ಎಂದರು. ಅವರ ಮುಖದ ಹೆಮ್ಮೆ ನೋಡಿ ನಾನು ಪಾತ್ರೆ ತೊಳೆಯಲು ಎದ್ದೆ. ಎರಡು ದಿನ ಪಾತ್ರೆ ತೊಳೆಯುವಾಗ ಹದಿನೇಳನ್ನೇ ಬಾಯಿಪಾಠ ಮಾಡಿದೆ. ಪಾತ್ರೆಯ ಮುಂದೆ ಚೆನ್ನಾಗಿ ಬಂತು.

ಬುಧವಾರ ಅಸರಿನ ಮೇಲೆ ಮಗಳನ್ನು ಮಲಗಿಸಿ, ಬಾಗಿಲು ಹಾಕಿ, ಕಾಗದದಲ್ಲಿ ಬರೆದು ಕೊಟ್ಟ ನಂಬರ್ ತಿರುಗಿಸಿದೆ. ಆ ಕಡೆ ಒಂದು ಕೀಂ ಶಬ್ದ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೆ ನಾನು ಎರಡರ ಮಗ್ಗಿ ಸುರುಮಾಡಿದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಮಕ್ಕಳೇ, ನಾಲ್ಕರ ಮಗ್ಗಿಗೆ ಬರುವಾಗ ನನಗೆ ಖುಷಿಯಾಗಲು ತೊಡಗಿತು! ನನ್ನದೇ ಸ್ವರ ಅಷ್ಟು ಹೊತ್ತು ನಾನು ಕೇಳಿಯೇ ಇರಲಿಲ್ಲ. ಹನ್ನೆರಡಕ್ಕೆ ಬಂದಾಗ ಶಾಲೆಯ ರಾಗವೇ ಬಂತು, ಕಾಲು ತಾಳ ಹಾಕಿತು.

ಹದಿನೇಳಾರ್ಲ ನೂರಾ ಎರಡು. ಅಲ್ಲಿಗೆ ನಿಂತೆ. ಹದಿನೇಳೇಳ್ಲ? ತಲೆಯೊಳಗೆ ಬೆಳ್ಳಗೆ, ಏನೂ ಇಲ್ಲ. ನಲುವತ್ತು ಮಕ್ಕಳಿಲ್ಲ, ಗದ್ದಲವಿಲ್ಲ, ನಾನೊಬ್ಬಳೇ. ಎಡಗೈಯಿಂದ ಫೋನಿನ ಬಾಯನ್ನು ಗಟ್ಟಿಯಾಗಿ ಮುಚ್ಚಿದೆ, ನಾನು ಬೆರಳಲ್ಲಿ ಎಣಿಸುವುದು ಯಂತ್ರಕ್ಕೆ ಕೇಳಬಾರದೆಂದು. ನೂರಾ ಮೂರು, ನೂರಾ ನಾಲ್ಕು ಎಂದು ಎಣಿಸುತ್ತಾ ನೂರಾ ಹತ್ತೊಂಬತ್ತಕ್ಕೆ ತಲುಪಿದೆ. ಉಸಿರು ಬಿಟ್ಟು, ಕೈ ತೆಗೆದು, ಹದಿನೇಳೆಂಟ್ಲ ನೂರಾ ಮೂವತ್ತಾರು ಎಂದು ಮುಂದುವರಿಸಿದೆ. ಇಪ್ಪತ್ತರ ತನಕ ಮುಗಿಸಿ ಫೋನ್ ಇಟ್ಟಾಗ ಮೈಯೆಲ್ಲ ಬೆವರು. ಏಳನೆಯದನ್ನು ಹೇಳಿದ್ದು ನನ್ನ ಅಂಗೈಗೆ ಮಾತ್ರ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಅಜ್ಜ ಬಂದಾಗ ಮುಖ ಸಣ್ಣದಾಗಿತ್ತು. ಏಳು ಲೈನು ಸರಿಯಾಗಿದೆ, ಆರನೆಯದರಲ್ಲಿ ಹನ್ನೊಂದು ಸೆಕೆಂಡು ಕಳೆದುಹೋಗಿದೆ ಎಂದರು. "ಹದಿನೇಳಾರ್ಲ ಆದ ಮೇಲೆ ಏನೂ ಇಲ್ಲ. ಉಸಿರೂ ಇಲ್ಲ, ಏಸಿಯ ಶಬ್ದವೂ ಇಲ್ಲ. ಆಮೇಲೆ ನೇರ ಹದಿನೇಳೆಂಟ್ಲ. ನಡುವಿನದ್ದು ಯಂತ್ರ ನುಂಗಿದೆ." ಆಮೇಲೆ ಮೆಲ್ಲಗೆ, "ಆರನೆಯ ಲೈನಿನ ಜೋಡಣೆ ಪೂರ್ತಿ ನನ್ನದೇ" ಎಂದರು.

"ಹನ್ನೊಂದು ಸೆಕೆಂಡು ಅಷ್ಟು ದೊಡ್ಡದಾ?" ಎಂದೆ.

"ಒಬ್ಬ ತನ್ನ ಮನೆಯ ದಾರಿ ಹೇಳಿ ಮುಗಿಸುವಷ್ಟು ಹೊತ್ತು." ಅವರು ನನ್ನ ಕಡೆ ನೋಡಿದರು. "ನೀನು ಅಲ್ಲಿ ನಿಂತೆಯಾ?"

ಅವರು ಕೇಳಿದ್ದು ಸಂಶಯದಿಂದಲ್ಲ. ಕೇಳಬೇಕಲ್ಲ ಎಂದು ಕೇಳಿದ್ದು. ಹೌದು ಎನ್ನಲು ಅದಕ್ಕಿಂತ ಸುಲಭದ ಹೊತ್ತು ಬೇರೆ ಇರಲಿಲ್ಲ. ನಾನು ಚಹಾದ ಗ್ಲಾಸಿನ ಮೇಲೆ ಉಂಗುರದಿಂದ ಎರಡು ಸಲ ತಟ್ಟಿದೆ.

ಗುರುವಾರ ಇಡೀ ದಿನ ಅವರು ಯಂತ್ರ ಬಿಚ್ಚಿದರು. ತಂತಿ ಒಂದೊಂದೇ ತೆಗೆದು ಮತ್ತೆ ಬೆಸೆದರು. ದೋಷ ಸಿಗಲಿಲ್ಲ. ಇಲ್ಲದ್ದು ಎಲ್ಲಿಂದ ಸಿಗಬೇಕು? ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆಯೊಂದಿಗೆ ಬಂದು, ಶನಿವಾರಕ್ಕೆ ದೋಷ ಸಿಗದಿದ್ದರೆ ಜೋಡಿಸಿದವನನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ ಎಂದು ಮೇಲಿನಿಂದ ಮಾತು ಬಂದಿದೆ ಎಂದರು. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಮುಗಿಸಿ ಊರಿಗೆ ಕಳಿಸುತ್ತಾರೆ. ಮತ್ತೆ ಬಂದರೂ ಒಬ್ಬರೇ, ಸಣ್ಣ ಕೆಲಸಕ್ಕೆ, ಕುಟುಂಬ ತರಿಸಲು ಆಗದ ಕೆಲಸಕ್ಕೆ. ಅವರು ನನಗೆ ಹೇಳುವಾಗ ನಗುತ್ತಲೇ ಹೇಳಿದರು. ನಾನು ಗುಳ್ಳೆಗೆ ಜೇನು ಸವರಿದೆ. ಎರಡು ಸಲ ತಟ್ಟಿದ್ದನ್ನು ಈಗ ಹೇಗೆ ಹಿಂದೆ ತೆಗೆದುಕೊಳ್ಳುವುದು?

ಶುಕ್ರವಾರ ಜುಮಾ ನಮಾಜು ಮುಗಿಸಿ ಊಟಕ್ಕೂ ಬಾರದೆ ಅವರು ಮತ್ತೆ ಯಂತ್ರದ ಹತ್ತಿರ ಹೋದರು. ಮೈಮೂನಾ ಆಪಾ ಸೇಮಿಗೆ ಪಾಯಸ ಹಿಡಿದುಕೊಂಡು ಬಂದರು. "ನನ್ನ ಲೈನು ಪಾಸಂತೆ! ಹತ್ತು ನಿಮಿಷ ಅತ್ತೆಯ ವಿಷಯ ಹೇಳಿದೆ, ಇನ್ನೂ ಅರ್ಧ ಉಳಿದುಂಟು. ನಿನ್ನದು ಎಂತ ಕೆಟ್ಟಿತು ಮಾರಾಯ್ತಿ?"

ನಾನು ಎಲ್ಲ ಹೇಳಿದೆ. ಅವರು ಚಮಚ ಕೆಳಗಿಟ್ಟರು.

"ಹೇಳದೆ ಇದ್ದರೆ ಆಯ್ತಪ್ಪ, ಯಂತ್ರದ ಮೇಲೆ ಹಾಕು. ಯಂತ್ರಕ್ಕೆ ಮಾನ ಉಂಟಾ?"

"ಯಂತ್ರದ ಮೇಲೆ ಹಾಕಿದರೆ ಇವರ ಮೇಲೆ ಬೀಳ್ತದೆ ಆಪಾ."

"ಹಾಗಾದರೆ ಹೇಳು. ಸಂಜೆ ಬರ್ತಾರಲ್ಲ."

"ಸಂಜೆಗೆ ಮೊದಲು ಯಂತ್ರವನ್ನು ಪೂರ್ತಿ ಬಿಚ್ಚಿ ಹಾಕ್ತಾರಂತೆ. ಮತ್ತೆ ನಾಳೆಗೆ ಜೋಡಿಸಿ ಆಗುವುದಿಲ್ಲ."

ಆಪಾ ಏನೂ ಹೇಳಲಿಲ್ಲ. ನಾನು ಕಂಡ ಹಾಗೆ ಅದೊಂದೇ ಸಲ. ಎದ್ದು ಟೆಲಿಫೋನನ್ನು ತಂದು ನನ್ನ ಮಡಿಲಿಗೆ ಇಟ್ಟು, ಪಾಯಸದ ಪಾತ್ರೆ ತೆಗೆದುಕೊಂಡು ಅಡುಗೆಮನೆಗೆ ಹೋದರು.

ನನಗೆ ಗೊತ್ತಿದ್ದ ನಂಬರ್ ಒಂದೇ, ಆರನೇ ಲೈನಿನದ್ದು. ಅದನ್ನೇ ತಿರುಗಿಸಿದೆ. ಈ ಸಲ ಕೀಂ ಎನ್ನಲಿಲ್ಲ. "ಅಲೋ? ಮೀನ್?" ಎಂದು ಒಬ್ಬ ಗಂಡಸಿನ ದಪ್ಪ ಸ್ವರ ಯಾರು ಎಂದು ಕೇಳಿತು. ನಿಮ್ಮ ಅಜ್ಜ ಅಲ್ಲ, ಮುಹಂದಿಸ್ ಎಂದು ಆಮೇಲೆ ಗೊತ್ತಾಯಿತು. ಗಾಬರಿಯಲ್ಲಿ ಒಮ್ಮೆ ಉಂಗುರ ತಟ್ಟಿದೆ. ಪಾಪ, ಮುಹಂದಿಸಿಗೆ ನಮ್ಮ ಟಕ್ ಹೇಗೆ ಅರ್ಥವಾಗಬೇಕು? "ಅಲೋ! ಅಲೋ!"

ನನಗೆ ಬರುತ್ತಿದ್ದ ಅರಬಿ, ಏಸಿ ರಿಪೇರಿಯವನ ಹತ್ತಿರ ಅಜ್ಜ ಮಾತಾಡುವುದನ್ನು ಕೇಳಿ ಕಲಿತದ್ದು ಮಾತ್ರ. ಅದನ್ನೇ ಹೇಳಿದೆ. "ಮಕೀನಾ ಮಾಫೀ ಖರ್ಬಾನ್." ಯಂತ್ರ ಕೆಟ್ಟಿಲ್ಲ. "ಆನಾ ಖರ್ಬಾನ್" ಎಂದೆ. ಕೆಟ್ಟಿರುವುದು ನಾನು.

ಅವರು ಇಂಗ್ಲಿಷಿನಲ್ಲಿ ಏನೋ ಕೇಳಿದರು, "ಮದಾಮ್" ಎಂಬುದು ಮಾತ್ರ ಗೊತ್ತಾಯಿತು. ಯಾರು ಬೇಕೆಂದು ಕೇಳುತ್ತಿದ್ದಾರೆ. ಅಲ್ಲಿ ನಮ್ಮ ದೇಶದವರು ಐದಾರು ಜನ. 'ನಮ್ಮವರು' ಎಂದರೆ ಯಾರೆಂದು ತಿಳಿಯಬೇಕು? 'ಮಗಳ ಅಪ್ಪ' ಎಂದರೆ? ಗಂಡನ ಹೆಸರನ್ನು ನಾನು ಆ ತನಕ ಬಾಯಲ್ಲಿ ಹೇಳಿರಲಿಲ್ಲ. ನಮ್ಮ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದೆ. ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತುಂಟು.

ಓಡಿಬಂದ ಹೆಜ್ಜೆ ಕೇಳಿತು. "ನೀನಾ? ಮಗುವಿಗೆ ಎಂತಾಯ್ತು?"

"ಮಗುವಿಗೆ ಏನಿಲ್ಲ. ಮಲಗಿದೆ. ನನಗೆ ಹದಿನೇಳೇಳ್ಲ ಬರುವುದಿಲ್ಲ."

"ಎಂತ?"

"ಬುಧವಾರ ನಿಂತದ್ದು ಲೈನಲ್ಲ, ನಾನು. ಕೈ ಮುಚ್ಚಿ ಎಣಿಸಿದೆ. ಆಮೇಲೆ ನಿಮಗೆ ಸುಳ್ಳು ತಟ್ಟಿದೆ."

ಆ ಕಡೆ ಎಷ್ಟು ಹೊತ್ತು ಶಬ್ದವಿರಲಿಲ್ಲವೋ ಗೊತ್ತಿಲ್ಲ. ಹನ್ನೊಂದು ಸೆಕೆಂಡಿಗಿಂತ ಹೆಚ್ಚೇ ಇದ್ದೀತು. ಕೊನೆಗೆ ಅವರ ಕೆಲಸದ ಸ್ವರ ಬಂತು. "ಯಾವ ಕೈ?"

"ಎಡದ್ದು."

"ಅದೇ ಕೈ, ಹಾಗೆಯೇ ಮುಚ್ಚು. ಹತ್ತು ಎಣಿಸಿ ತೆಗೆ."

ಮುಚ್ಚಿದೆ, ತೆಗೆದೆ. ಪರೀಕ್ಷೆಯ ಲೈನು ಇನ್ನೂ ಯಂತ್ರಕ್ಕೆ ಜೋಡಿಸಿಯೇ ಇತ್ತು. ಅವರು ಟೇಪ್ ಹಿಂದೆ ತಿರುಗಿಸಿ ಕೇಳುವುದು ನನಗೆ ದೂರದಿಂದ ಕೇಳಿಸಿತು: ನನ್ನ "ಎಡದ್ದು", ಆಮೇಲೆ ಬುಧವಾರದ್ದೇ ಆ ಖಾಲಿ, ಏಸಿಯ ಶಬ್ದವೂ ಇಲ್ಲದ ಖಾಲಿ. ಮುಹಂದಿಸ್ ಒಮ್ಮೆಲೇ ಜೋರಾಗಿ ನಕ್ಕರು. ನಿಮ್ಮ ಅಜ್ಜ ನಗಲಿಲ್ಲ. "ಈಗ ಹದಿನೇಳರ ಮಗ್ಗಿ ಹೇಳು. ಬೇಕಾದಲ್ಲಿ ನಿಲ್ಲು. ಕೈ ಮಾತ್ರ ಮುಚ್ಚಬೇಡ" ಎಂದರು.

ಹೇಳಿದೆ. ಆರಕ್ಕೆ ಬಂದು ನಿಂತೆ. "ಇರಿ, ಎಣಿಸ್ತಾ ಇದ್ದೇನೆ" ಎಂದು ಯಂತ್ರಕ್ಕೂ ಇಬ್ಬರು ಗಂಡಸರಿಗೂ ಒಟ್ಟಿಗೆ ಹೇಳಿ, ಜೋರಾಗಿ ಬೆರಳಲ್ಲಿ ಎಣಿಸಿದೆ. ಅಡುಗೆಮನೆಯಿಂದ ಆಪಾ, "ನೂರಾ ಹತ್ತೊಂಬತ್ತು!" ಎಂದು ಕೂಗಿದರು. ಅದೂ ರೆಕಾರ್ಡ್ ಆಯಿತು.

ಸಂಜೆ ಅವರು ಬಂದು ಉಣ್ಣಲು ಕೂತರು. ನಾನು ಬಡಿಸುತ್ತಾ ಕಾದೆ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ, "ಮಗ್ಗಿ ಬಾರದಿದ್ದರೆ ಬೇಡ. ನನಗೆ ಸುಳ್ಳು ತಟ್ಟಬೇಡ" ಎಂದರು. ಬೈದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೇನೋ.

ಶನಿವಾರ ಆಫೀಸರ್‌ಗಳು ಸಹಿ ಹಾಕಿದರು. ಹಳೆಯ ಯಂತ್ರಗಳನ್ನು ನಿಲ್ಲಿಸಿದರು. ಚಕ್ರಗಳು ನಿಂತಾಗ ಕೋಣೆಯಲ್ಲಿದ್ದವರಿಗೆ ಕಿವಿ ಮುಚ್ಚಿದ ಹಾಗಾಯಿತಂತೆ. ಅಜ್ಜ ಮುಹಂದಿಸ್ ಹತ್ತಿರ ಕೇಳಿ, ಟೇಪು ಬಿಚ್ಚಿದ ಒಂದು ಖಾಲಿ ಚಕ್ರವನ್ನು ಮನೆಗೆ ತಂದರು. ಅದೇ ಹನಾಳ ಕೈಯಲ್ಲಿದ್ದದ್ದು. ನಾನು ಅವತ್ತೇ ಅದರ ಮೇಲೆ ಮೀನು ಸಾರಿನ ಪಾತ್ರೆ ಇಟ್ಟೆ.

"ನಾನು ಮಾತಾಡಿದ್ದು ಎಲ್ಲುಂಟು?" ಎಂದು ಕೇಳಿದೆ.

"ಪರೀಕ್ಷೆಯ ಟೇಪ್ ಅಲ್ವಾ, ಅಳಿಸಿದೆವು." ಸಾರು ಬಡಿಸಿಕೊಳ್ಳುತ್ತಾ ಹೇಳಿದರು, "ಅಳಿಸುವ ಮೊದಲು ಒಮ್ಮೆ ಕೇಳಿದೆ."

"ಮಗ್ಗಿಯಾ?"

"ಅಲ್ಲ. ನನ್ನ ಹೆಸರು."

ಆಮೇಲೆ ನಾವು ಖೋಬರಿನಲ್ಲಿ ಹನ್ನೆರಡು ವರ್ಷ ಇದ್ದೆವು. ಅವರು ಇರುವ ತನಕ ನಾನು ಮತ್ತೆ ಆ ಹೆಸರು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಈಗ ಅವರು ಹೋಗಿ ನಾಲ್ಕು ವರ್ಷ. ಕಳೆದ ವಾರ ಬ್ಯಾಂಕಿನಲ್ಲಿ ಗುಮಾಸ್ತೆ ಹುಡುಗಿ ಗಂಡನ ಹೆಸರು ಕೇಳಿದಾಗಲೂ ಕಾಗದದಲ್ಲಿ ಬರೆದು ತೋರಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಚಕ್ರವನ್ನು ತೊಳೆದು ಒರೆಸಿ ಮುಂದೆ ಇಟ್ಟುಕೊಂಡಿದ್ದೇನೆ. ಒಂದು ಮಗ್ಗುಲು ಕಪ್ಪಾಗಿದೆ, ಉಜ್ಜಿದರೆ ಹೋಗುವುದಿಲ್ಲ. ಇದರ ಪಕ್ಕದಲ್ಲಿ ಫೋನ್ ಇದೆ. ಮೈಕಿನ ಚಿತ್ರವನ್ನು ಒತ್ತಿ ಹಿಡಿಯಬೇಕು, ಬಿಟ್ಟರೆ ಹೋಗುತ್ತದೆ ಎಂದು ಹನಾ ಕಲಿಸಿಕೊಟ್ಟಿದ್ದಾಳೆ. ಇವತ್ತು ನಿಮಗೆ ಹೆಬ್ಬೆರಳು ಬರುವುದಿಲ್ಲ, ಹದಿನೇಳರ ಮಗ್ಗಿ ಬರುತ್ತದೆ. ಏಳರಲ್ಲಿ ನಿಲ್ಲುತ್ತೇನೆ, ಈಗಲೂ ಅದು ಬರುವುದಿಲ್ಲ. ಮಗ್ಗಿ ಮುಗಿದ ಮೇಲೆ ಒಂದು ಹೆಸರು ಹೇಳಲಿಕ್ಕುಂಟು. ಅದಕ್ಕೆ ಮೊದಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಂತೇನು. ಫೋನ್ ಕೆಟ್ಟಿತೆಂದು ಬಂದ್ ಮಾಡಬೇಡಿ, ಮಕ್ಕಳೇ. ಕಿವಿಗೊಟ್ಟರೆ ಫ್ಯಾನಿನ ಶಬ್ದ ಕೇಳುತ್ತದೆ, ನಾನು ಕೈ ಮುಚ್ಚಿರುವುದಿಲ್ಲ.